ಹಬ್ಬದ ರಜೆಗೆ ಎಷ್ಟು ಗಂಟೆ? ಕಾರ್ಮಿಕ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಗೆ,
ಕಾರ್ಮಿಕ ಆಯುಕ್ತರು, ಕರ್ನಾಟಕ ಸರ್ಕಾರ,
ಕಾರ್ಮಿಕ ಭವನ, ಬನ್ನೇರುಘಟ್ಟ ರಸ್ತೆ, ಬೆಂಗಳೂರು.

ವಿಷಯ: ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಸಂಬಳದ ಗಂಟೆಗಳನ್ನು ಲೆಕ್ಕ ಹಾಕುವ ವಿಧಾನವನ್ನು ಸುತ್ತೋಲೆಯ ಮೂಲಕ ಸ್ಪಷ್ಟಪಡಿಸುವ ಬಗ್ಗೆ.

ಮಾನ್ಯರೇ,

ಮೊದಲು ಪೀಣ್ಯದಲ್ಲಿ, ಆಮೇಲೆ ಬೊಮ್ಮಸಂದ್ರದಲ್ಲಿ ಕಾರ್ಖಾನೆಗಳ ಟೈಮ್ ಆಫೀಸಿನಲ್ಲಿ ಕೂತು ಹಾಜರಿ ಬರೆದು ನಿವೃತ್ತನಾದವನು ನಾನು. ಮಸ್ಟರ್ ರೋಲಿನಲ್ಲಿ ಕೆಂಪು ಶಾಯಿಯಿಂದ ‘ಎನ್‌ಎಚ್’, ‘ಎಫ್‌ಎಚ್’ (ರಾಷ್ಟ್ರೀಯ ರಜೆ, ಹಬ್ಬದ ರಜೆ) ಎಂದು ಬರೆಯುತ್ತಿದ್ದ ಕಾಲದಿಂದ ಬೆರಳೊತ್ತುವ ಯಂತ್ರದ ಕಾಲದವರೆಗೆ ಆ ಕುರ್ಚಿಯಲ್ಲಿದ್ದೆ. ಈಗಲೂ ಹಳೆಯ ಸಹೋದ್ಯೋಗಿಗಳು, ಅವರ ಮಕ್ಕಳು ಸಂಬಳದ ಚೀಟಿ ಹಿಡಿದುಕೊಂಡು ಮನೆಗೆ ಬರುತ್ತಾರೆ. ಹತ್ತು ಚೀಟಿಯಲ್ಲಿ ಆರೇಳರ ತಕರಾರು ಒಂದೇ: ಹಬ್ಬದ ದಿನಕ್ಕೆ ಗಂಟೆ ಕಡಿಮೆ ಹಾಕಿದ್ದಾರೆ. ಅದಕ್ಕೇ ಈ ಪತ್ರ.

ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಒಂದು ಒಳ್ಳೆಯ ಕಾಯ್ದೆ ಇದೆ. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು) ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಐದು ಕಡ್ಡಾಯ. ಇವುಗಳ ಮೇಲೆ ಹಬ್ಬಗಳಿಗೆಂದು ಇನ್ನೂ ಐದು. ಒಟ್ಟು ಹತ್ತು. ಕಾಯ್ದೆ ಕೇಳುವುದು ಇಷ್ಟೇ: ಪ್ರತಿ ನೌಕರನಿಗೂ ಆ ದಿನ ಪೂರ್ತಿ ರಜೆ ಕೊಡಬೇಕು, ಆ ರಜೆಗೆ ಸಂಬಳ ಕೊಡಬೇಕು. ಕರಾರಿನಲ್ಲಿ ಬೇರೆ ಏನೇ ಬರೆಸಿಕೊಂಡಿದ್ದರೂ ಅದು ನಡೆಯದು.

ಕಾಯ್ದೆ ಬಂದಾಗ ಇಷ್ಟು ಮಾತು ಸಾಕಾಗಿತ್ತು. ಆಗ ಕೆಲಸದ ದಿನ ಎಂದರೆ ಎಂಟು ಗಂಟೆ, ವಾರ ಎಂದರೆ ಆರು ದಿನ, ಭಾನುವಾರ ಗೇಟು ಬಂದ್. ಸೈರನ್ ಕೂಗಿದರೆ ಇಡೀ ಬಡಾವಣೆಗೆ ಟೈಮ್ ಗೊತ್ತಾಗುತ್ತಿತ್ತು. ಒಂದು ದಿನದ ರಜೆ ಎಂದರೆ ಎಷ್ಟು ಗಂಟೆ ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಈಗ ಸಂಬಳ ಮಾಡುವುದು ಸಾಫ್ಟ್‌ವೇರ್. ಅದಕ್ಕೆ ‘ದಿನ’ ಎಂದರೆ ಅರ್ಥವಾಗುವುದಿಲ್ಲ, ಗಂಟೆ ಬೇಕು. ಆ ಖಾನೆಯಲ್ಲಿ ಯಾರೋ ಒಬ್ಬರು, ಬಹುಶಃ ಸಾಫ್ಟ್‌ವೇರ್ ಮಾರಿದ ಕಂಪನಿಯ ಹುಡುಗ, 8 ಎಂದು ತುಂಬಿ ಹೋಗಿರುತ್ತಾನೆ. ಆ 8 ಈಗ ಕಾನೂನಿಗಿಂತ ಗಟ್ಟಿಯಾಗಿ ಕೂತಿದೆ.

ಎಂಟು ಗಂಟೆಯ ಪಾಳಿ ಇರುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ಉದ್ದನೆಯ ಪಾಳಿಯವರಿಗೆ. 2023ರಲ್ಲಿ ನಮ್ಮ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ, ಕಾರ್ಮಿಕನ ಲಿಖಿತ ಒಪ್ಪಿಗೆ ಪಡೆದು, ಬಿಡುವಿನ ಹೊತ್ತೂ ಸೇರಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ನಾಲ್ಕು ದಿನ ದುಡಿ, ಮೂರು ದಿನ ಮನೆಯಲ್ಲಿರು ಎಂದು ಆಗ ಹೇಳಲಾಯಿತು. ಆ ತಿದ್ದುಪಡಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ನನಗೆ ಒಳ್ಳೆಯದೆಂದು ಅನಿಸಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ನಾಲ್ಕು ದಿನದ ವಾರದ ಮಾತು ಇನ್ನಷ್ಟು ಕೇಳಿಬರುತ್ತಿದೆ. ಹಳೆಯ 29 ಕೇಂದ್ರ ಕಾನೂನುಗಳು ಆ ಸಂಹಿತೆಗಳಲ್ಲಿ ಲೀನವಾದವು. ನಮ್ಮ ರಜಾ ಕಾಯ್ದೆ ರಾಜ್ಯದ್ದು, ಅದು ಹಾಗೆಯೇ ಉಳಿದಿದೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ದೆಹಲಿಯವರಲ್ಲ, ತಾವೇ.

ಲೆಕ್ಕ ನೋಡಿ. ಸುಲಭವಾಗಲೆಂದು ಊಟದ ಬಿಡುವನ್ನು ಬಿಟ್ಟು, ಪಾಳಿಗೆ 12 ಗಂಟೆ ಎಂದೇ ಇಟ್ಟುಕೊಳ್ಳುತ್ತೇನೆ. ಸೋಮವಾರದಿಂದ ಗುರುವಾರದವರೆಗೆ ಒಬ್ಬಳ ಪಾಳಿ. ಒಟ್ಟು 48. ಬುಧವಾರ ಹಬ್ಬ ಬಂತು. ಮೂರು ದಿನ ದುಡಿದಳು, 36 ಗಂಟೆ. ಹಬ್ಬಕ್ಕೆ ಯಂತ್ರ ಹಾಕಿದ್ದು 8. ಒಟ್ಟು 44. ‘ನಾಲ್ಕು ಗಂಟೆ ಶಾರ್ಟೇಜ್’ ಎಂದು ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರುತ್ತದೆ. ಸೂಪರ್‌ವೈಸರ್ ಕರೆದು ಹೇಳುತ್ತಾನೆ: ಶುಕ್ರವಾರ ಬಂದು ನಾಲ್ಕು ಗಂಟೆ ತುಂಬಿಸಿ ಹೋಗು, ಇಲ್ಲವೇ ಎಲ್‌ಒಪಿ, ಅಂದರೆ ಸಂಬಳವಿಲ್ಲದ ರಜೆ. ತಿಂಗಳಿಗೆ 15,600 ರೂಪಾಯಿ ಸಂಬಳ ಎಂದರೆ ತಿಂಗಳಿಗೆ 26 ಕೆಲಸದ ದಿನವೆಂದು ಹಿಡಿದು 26ರಿಂದ ಭಾಗಿಸಿ ದಿನಕ್ಕೆ 600, ಗಂಟೆಗೆ 75. ನಾಲ್ಕು ಗಂಟೆಗೆ 300 ರೂಪಾಯಿ ಕಡಿತ. ಸಂಬಳ ಸಹಿತ ರಜೆಗೆ ಅವಳು ತನ್ನ ಕೈಯಿಂದ 300 ರೂಪಾಯಿ ಕೊಟ್ಟ ಹಾಗಾಯಿತು. ಕೊಡಲಾಗದವಳು ತನ್ನ ರಜೆಯ ಶುಕ್ರವಾರ ಎರಡು ಬಸ್ ಬದಲಾಯಿಸಿ ಬಂದು ನಾಲ್ಕು ಗಂಟೆ ನಿಂತು ಹೋಗುತ್ತಾಳೆ.

ಇದನ್ನು ಎಚ್‌ಆರ್‌ನವರ ಮುಂದೆ ಇಟ್ಟರೆ ಅವರಲ್ಲಿ ಒಂದು ಉತ್ತರ ಸಿದ್ಧವಿದೆ: ಆರು ದಿನ ಬರುವವನಿಗೆ ಹಬ್ಬಕ್ಕೆ 8 ಗಂಟೆ, ನಾಲ್ಕು ದಿನ ಬರುವವಳಿಗೆ 12 ಗಂಟೆ ಕೊಟ್ಟರೆ ತಾರತಮ್ಯ ಆಗುವುದಿಲ್ಲವೇ? ಕೇಳಲು ಸರಿ ಎನಿಸುವ ಮಾತು. ಕಾಗದದ ಮೇಲೆ ಹಾಕಿ ನೋಡಿದರೆ ಉಲ್ಟಾ. ಹತ್ತು ರಜೆಗಳು ವಾರದ ಏಳು ದಿನಗಳ ಮೇಲೆ ಸರಿಸುಮಾರು ಸಮನಾಗಿ ಬೀಳುತ್ತವೆ ಎಂದುಕೊಳ್ಳೋಣ. ವರ್ಷ ವರ್ಷಕ್ಕೆ ಏರುಪೇರು ಇದ್ದರೂ ದೀರ್ಘಕಾಲದಲ್ಲಿ ಅದು ಹೀಗೇ. ಆರು ದಿನದ ನೌಕರನಿಗೆ ಹತ್ತರಲ್ಲಿ ಸರಾಸರಿ 8.6 ರಜೆಗಳು ಕೆಲಸದ ದಿನದ ಮೇಲೆ ಬೀಳುತ್ತವೆ, ಉಳಿದದ್ದು ವಾರದ ರಜೆಯ ಜೊತೆ ಸೇರಿ ಹೋಗುತ್ತದೆ. ಎಂಟರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 68.6 ಗಂಟೆ. ನಾಲ್ಕು ದಿನದ ನೌಕರಳಿಗೆ ಕೆಲಸದ ದಿನದ ಮೇಲೆ ಬೀಳುವುದು 5.7 ಮಾತ್ರ. ಹನ್ನೆರಡರಿಂದ ಗುಣಿಸಿದರೆ ಅದೇ 68.6 ಗಂಟೆ. ಒಂದು ನಿಮಿಷದ ವ್ಯತ್ಯಾಸವೂ ಇಲ್ಲ! ಏಕೆಂದರೆ ಇಬ್ಬರದ್ದೂ ವಾರಕ್ಕೆ 48 ಗಂಟೆಯೇ. ಅದೇ ಅವಳಿಗೆ 8 ಗಂಟೆಯ ಲೆಕ್ಕ ಹಿಡಿದರೆ ಸಿಗುವುದು 45.7. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 23 ಗಂಟೆ, ಸುಮಾರು ಎರಡು ಪಾಳಿಗಳ ಸಂಬಳ ಅವಳ ಕೈತಪ್ಪುತ್ತದೆ. ತಾರತಮ್ಯ ಇರುವುದು ಎಲ್ಲರಿಗೂ ಒಂದೇ 8 ಹಾಕುವುದರಲ್ಲಿ.

ಆದ್ದರಿಂದ ನನ್ನ ಕೋರಿಕೆ ಒಂದೇ ವಾಕ್ಯದ್ದು. ಆ ದಿನ ರಜೆ ಇಲ್ಲದಿದ್ದರೆ ನೌಕರ ಎಷ್ಟು ಗಂಟೆ ದುಡಿಯಬೇಕಿತ್ತೋ ಅಷ್ಟೂ ಗಂಟೆಯನ್ನು ರಜೆಯ ಸಂಬಳದ ಗಂಟೆ ಎಂದು ಹಾಕಬೇಕು, ಆ ಗಂಟೆಗಳನ್ನು ಬೇರೆ ದಿನ ದುಡಿಸಿ ತುಂಬಿಸಿಕೊಳ್ಳಬಾರದು ಎಂದು ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೊರಡಲಿ. ಇದಕ್ಕೆ ವಿಧಾನಸಭೆ ಸೇರಬೇಕಿಲ್ಲ, ಹೊಸ ಕಾಯ್ದೆ ಬೇಕಿಲ್ಲ. ‘ದಿನ ಪೂರ್ತಿ’ ಎಂದು ಕಾಯ್ದೆ ಹೇಳಿದ್ದನ್ನು ಸಾಫ್ಟ್‌ವೇರ್‌ನ ಖಾನೆಗೆ ಹೇಗೆ ತುಂಬಬೇಕು ಎಂದು ತಿಳಿಸಿದರೆ ಸಾಕು.

ಆದರೆ ಎಲ್ಲರಿಗೂ ನಿಗದಿತ ಪಾಳಿ ಇರುವುದಿಲ್ಲ, ಆ ಮಾತನ್ನೂ ಆಡಬೇಕು. ಆಸ್ಪತ್ರೆಯ ನರ್ಸ್‌ಗಳನ್ನು ನೋಡಿ. ಬೆಳಗಿನ ಪಾಳಿಯಲ್ಲಿ ಆರು ಗಂಟೆ ಕೆಲಸ, ಮಧ್ಯಾಹ್ನದ್ದರಲ್ಲಿ ಆರು ಗಂಟೆ, ರಾತ್ರಿಯದ್ದರಲ್ಲಿ ಹನ್ನೆರಡು ಗಂಟೆ ಎಂದು ಪಾಳಿ ಸುತ್ತುವ ಆಸ್ಪತ್ರೆಗಳು ಎಷ್ಟೋ ಇವೆ. ಮಾಲ್‌ಗಳಲ್ಲಿ, ಸೂಪರ್ ಮಾರ್ಕೆಟ್‌ಗಳಲ್ಲಿ ಪ್ರತಿ ವಾರ ಹೊಸ ರೋಸ್ಟರ್. ಇಲ್ಲಿ ನಡೆಯುವ ಕಿತಾಪತಿ ಬೇರೆ ಥರದ್ದು. ರೋಸ್ಟರ್ ಬರೆಯುವವರ ಕೈಯಲ್ಲಿ ಪೆನ್ನು ಇದೆ, ಹಬ್ಬದ ತಾರೀಖೂ ಮೊದಲೇ ಗೊತ್ತು. ಗಣೇಶನ ಹಬ್ಬ ಯಾವ ವಾರವೋ ಆ ವಾರ ಅರ್ಧ ಸಿಬ್ಬಂದಿಗೆ ವಾರದ ರಜೆ ಸರಿಯಾಗಿ ಗಣೇಶನ ಹಬ್ಬದಂದೇ ಬಂದಿರುತ್ತದೆ. ಹಬ್ಬದ ರಜೆ ಅಲ್ಲಿಗೆ ಮಾಯ. ಉಳಿದರ್ಧ ಸಿಬ್ಬಂದಿ ಆ ದಿನ ಕೆಲಸದಲ್ಲಿರುತ್ತಾರೆ, ಅವರಿಗೆ ಕಾಂಪ್ ಆಫ್, ಅಂದರೆ ಬದಲಿ ರಜೆ. ಒಟ್ಟಿನಲ್ಲಿ ಹಬ್ಬಕ್ಕೆಂದು ಸಂಸ್ಥೆಯ ಗಲ್ಲಾಪೆಟ್ಟಿಗೆಯಿಂದ ಒಂದು ರೂಪಾಯಿಯೂ ಹೊರಗೆ ಬರುವುದಿಲ್ಲ. ಕಾನೂನು ಮುರಿದಿಲ್ಲ ಎಂದು ಅವರು ಎದೆ ತಟ್ಟಿ ಹೇಳಬಹುದು.

ಇಂಥವರಿಗೆ ಸರಾಸರಿಯ ಲೆಕ್ಕವೇ ಸರಿ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಒಂದು ಸೂತ್ರವಿದೆ: ಹಬ್ಬ ಬಂದ ವಾರಕ್ಕೆ ಹಿಂದಿನ ನಾಲ್ಕು ವಾರಗಳ ಸಂಬಳವನ್ನು ಕೂಡಿಸಿ 20ರಿಂದ ಭಾಗಿಸು. ವಾರಕ್ಕೆ ಐದು ದಿನ, ನಾಲ್ಕು ವಾರಕ್ಕೆ ಇಪ್ಪತ್ತು. ಅಷ್ಟೇ. 2018ರ ಜನವರಿಯಲ್ಲಿ ಅಲ್ಲಿಯ ಸರ್ಕಾರ ಇದನ್ನು ಬದಲಾಯಿಸಿತು. ಹಿಂದಿನ ಸಂಬಳದ ಅವಧಿಯ ಮೊತ್ತವನ್ನು ಆ ಅವಧಿಯಲ್ಲಿ ನಿಜವಾಗಿ ಕೆಲಸ ಮಾಡಿದ ದಿನಗಳಿಂದ ಭಾಗಿಸು ಎಂದಿತು. ಆಗ ವಾರಕ್ಕೊಂದೇ ದಿನ ಬರುವವನಿಗೂ ಒಂದು ಪೂರ್ತಿ ದಿನದ ಸಂಬಳ ಬರತೊಡಗಿತು. ಮಾಲೀಕರು ಗಲಾಟೆ ಮಾಡಿದರು, ಜುಲೈ ಹೊತ್ತಿಗೆ ಹಳೆಯ ಸೂತ್ರವೇ ಮರಳಿತು. ಭಾಗಿಸುವ ಸಂಖ್ಯೆಯೊಂದನ್ನು ಬದಲಿಸಿದರೆ ಯಾರ ಜೇಬಿಗೆ ಏನಾಗುತ್ತದೆ ಎಂದು ಅಲ್ಲಿಯವರು ಆರು ತಿಂಗಳಲ್ಲಿ ನೋಡಿಬಿಟ್ಟರು. ನಮ್ಮಲ್ಲಿ ಆ ಸಂಖ್ಯೆಯೇ ಇಲ್ಲ.

ನಮ್ಮದು ಆರು ದಿನದ ವಾರ, ಆದ್ದರಿಂದ 24 ಇರಲಿ. ಹಬ್ಬಕ್ಕೆ ಹಿಂದಿನ ನಾಲ್ಕು ವಾರಗಳಲ್ಲಿ ದುಡಿದ ಗಂಟೆಗಳನ್ನು, ಸಂಬಳ ಸಹಿತ ರಜೆಯ ಗಂಟೆಗಳನ್ನೂ ಸೇರಿಸಿ, ಓಟಿ ಬಿಟ್ಟು, 24ರಿಂದ ಭಾಗಿಸಿ. ವಾರಕ್ಕೆ 48 ದುಡಿದವನಿಗೆ 192 ಭಾಗಿಸು 24, ಎಂಟು ಗಂಟೆ. ವಾರಕ್ಕೆ ಮೂರು ದಿನ ಎಂಟೆಂಟು ಗಂಟೆ ಬರುವ ಹುಡುಗಿಗೆ 96 ಭಾಗಿಸು 24, ನಾಲ್ಕು ಗಂಟೆ. ರೋಸ್ಟರ್‌ನಲ್ಲಿ ಆ ದಿನ ಕೆಲಸ ಇತ್ತೋ ವಾರದ ರಜೆ ಇತ್ತೋ ಎಂದು ನೋಡಲೇಬಾರದು. ಆಗ ಪೆನ್ನು ಹಿಡಿದವರಿಗೆ ಹಬ್ಬದ ದಿನಕ್ಕೇ ವಾರದ ರಜೆ ಹಾಕುವ ಆಸೆ ತಾನಾಗಿ ಹೋಗುತ್ತದೆ.

ರಾತ್ರಿ ಪಾಳಿಯದ್ದು ಇನ್ನೊಂದು ಕಥೆ. ಆಗಸ್ಟ್ 14ರ ರಾತ್ರಿ ಹತ್ತಕ್ಕೆ ಒಳಗೆ ಬಂದವನು 15ರ ಬೆಳಿಗ್ಗೆ ಆರಕ್ಕೆ ಹೊರಡುತ್ತಾನೆ. ಎರಡು ಗಂಟೆ 14ರದ್ದು, ಆರು ಗಂಟೆ 15ರದ್ದು. ಅವನ ಸ್ವಾತಂತ್ರ್ಯ ದಿನ ಯಾವುದು? ನಾನು ಕಂಡ ಒಂದು ಕಡೆ 14ರ ಪಾಳಿ ಮಾಮೂಲು, 15ರ ರಾತ್ರಿ ರಜೆ. ಇದು ನ್ಯಾಯ. ಇನ್ನೊಂದು ಕಡೆ 14ರ ಪಾಳಿ ‘14ರಂದು ಶುರುವಾದದ್ದು, ಆದ್ದರಿಂದ ಹಬ್ಬವಲ್ಲ’. 15ರ ರಾತ್ರಿ ‘ಹನ್ನೆರಡಕ್ಕೆ ಹಬ್ಬ ಮುಗಿಯಿತು, ಆದ್ದರಿಂದ ಹನ್ನೆರಡಕ್ಕೆ ಬಾ’. ಆ ಮನುಷ್ಯನಿಗೆ ಸಿಕ್ಕ ರಜೆ ಎರಡು ಗಂಟೆಯದ್ದು, ಅದಕ್ಕೂ ನಡುರಾತ್ರಿ ಮನೆಯಿಂದ ಹೊರಡಬೇಕು. ವಾರದ ರಜೆಯ ವಿಷಯದಲ್ಲಿ ಕಾನೂನು ಇದನ್ನು ಎಂದೋ ಬಗೆಹರಿಸಿದೆ. 1948ರ ಕಾರ್ಖಾನೆ ಕಾಯ್ದೆಯ 57ನೇ ಕಲಮಿನ ಪ್ರಕಾರ, ಪಾಳಿ ನಡುರಾತ್ರಿ ದಾಟಿದರೆ ರಜೆಯ ದಿನ ಎಂದರೆ ಆ ಪಾಳಿ ಮುಗಿದ ಕ್ಷಣದಿಂದ ಸತತ 24 ಗಂಟೆ; ನಡುರಾತ್ರಿಯ ನಂತರ ದುಡಿದ ಗಂಟೆಗಳು ಹಿಂದಿನ ದಿನದ ಲೆಕ್ಕಕ್ಕೆ. ಹೊಸ ಸಂಹಿತೆಯಲ್ಲೂ ಅದೇ ಮಾತನ್ನು ಇಟ್ಟುಕೊಂಡಿದ್ದಾರೆ. ಹಬ್ಬದ ರಜೆಗೂ ಇದೇ ಅನ್ವಯ ಎಂದು ಒಂದು ಸಾಲು ಸೇರಿಸಿದರೆ ರಾಜ್ಯದ ಸಾವಿರಾರು ರಾತ್ರಿ ಪಾಳಿಯವರಿಗೆ ಬೆಳಗಿನ ಆರರಿಂದ ಮರುದಿನ ಬೆಳಗಿನ ಆರರವರೆಗೆ ನಿಜವಾದ ಹಬ್ಬ ಸಿಗುತ್ತದೆ.

ಹಬ್ಬದ ದಿನ ದುಡಿದವರ ಲೆಕ್ಕಕ್ಕೆ ಬರುತ್ತೇನೆ. ಇಲ್ಲಿ ಕಾಯ್ದೆ ಎರಡು ದಾರಿ ಕೊಟ್ಟಿದೆ: ಒಂದೋ ಆ ದಿನಕ್ಕೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿಗೆ ಇನ್ನೊಂದು ದಿನ ಸಂಬಳ ಸಹಿತ ರಜೆ. ಯಾವುದು ಬೇಕೆಂದು ಆರಿಸುವವನು ನೌಕರ. ಇದು ಎಷ್ಟು ಎಚ್‌ಆರ್ ಕಚೇರಿಗಳಿಗೆ ಗೊತ್ತಿದೆಯೋ ನಾನರಿಯೆ. ನಾನು ನೋಡಿದ ಹೆಚ್ಚಿನ ಕಡೆ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಕಾಂಪ್ ಆಫ್ ತಾನಾಗಿ ಖಾತೆಗೆ ಬೀಳುತ್ತದೆ, ಇಂತಿಷ್ಟು ದಿನದೊಳಗೆ ಬಳಸದಿದ್ದರೆ ತಾನಾಗಿ ಅಳಿಸಿಯೂ ಹೋಗುತ್ತದೆ. ಬಳಸಲು ಹೋದರೆ ‘ಈಗ ಪ್ರೊಡಕ್ಷನ್ ಟೈಟ್ ಇದೆ’ ಎನ್ನುತ್ತಾರೆ.

‘ಎರಡು ಪಟ್ಟು’ ಎಂಬುದರ ಬಗ್ಗೆಯೂ ಜಗಳವಿದೆ. ತಿಂಗಳ ಸಂಬಳದಲ್ಲಿ ಹಬ್ಬದ ದಿನದ ಸಂಬಳ ಈಗಾಗಲೇ ಸೇರಿದೆ. ಅದರ ಮೇಲೆ ಎರಡೋ, ಅದೂ ಸೇರಿ ಎರಡೋ? ಕೆಲವು ಯೂನಿಯನ್ ಗೆಳೆಯರಿಗೆ ಬೇಸರವಾದರೂ ಹೇಳುತ್ತೇನೆ, ಅದೂ ಸೇರಿ ಎರಡು ಎಂದೇ ನನ್ನ ಓದು. ಕಾಯ್ದೆ ಕೊಟ್ಟ ಎರಡನೆಯ ದಾರಿಯನ್ನು ನೋಡಿದರೆ ತಿಳಿಯುತ್ತದೆ. ದುಡಿದ ದಿನಕ್ಕೊಂದು ಸಂಬಳ, ಬದಲಿ ರಜೆಗೊಂದು ಸಂಬಳ, ಒಟ್ಟು ಎರಡು. ಎರಡೂ ದಾರಿಗಳ ತೂಕ ಒಂದೇ ಇರಬೇಕಲ್ಲವೇ? ಹಾಗಾಗಿ ತಿಂಗಳ ಸಂಬಳದವನಿಗೆ ಚೀಟಿಯಲ್ಲಿ ಇನ್ನೊಂದು ದಿನದ ಸಂಬಳ ಹೆಚ್ಚಾಗಿ ಕಾಣಬೇಕು. ಆದರೆ ಆ ಒಂದು ದಿನ ಕೂಡ ಭತ್ಯೆ ಬಿಟ್ಟು ಬೇಸಿಕ್‌ನ ಮೇಲೆ ಮಾತ್ರ ಲೆಕ್ಕವಾಗಿ, 600ರ ಜಾಗದಲ್ಲಿ 250 ಬಂದದ್ದನ್ನು ನಾನು ನೋಡಿದ್ದೇನೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದಷ್ಟನ್ನೂ ವೇತನವೆಂದೇ ಹಿಡಿಯಬೇಕೆಂದು ಹೊಸ ವೇತನ ಸಂಹಿತೆ ಹೇಳುತ್ತದೆ. ರಜೆಯ ಸಂಬಳಕ್ಕೆ ಯಾವ ವೇತನ ಎಂಬುದನ್ನೂ ಸುತ್ತೋಲೆ ಬಿಡಿಸಿ ಹೇಳಲಿ. ಹಬ್ಬದಂದು ಹತ್ತು ಗಂಟೆ ದುಡಿದವನ ಕೊನೆಯ ಎರಡು ಗಂಟೆ ಓಟಿಯೋ, ಹಬ್ಬದ ಕೆಲಸವೋ ಎಂಬುದನ್ನೂ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮಾತು ಇಲ್ಲಿ ಬರಲೇಬೇಕು. ಮೈಸೂರು ರಸ್ತೆ, ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದ ಕಡೆ ಹೋಗಿ ಕೇಳಿ, ‘ಕಾಂಪೆನ್ಸೇಟ್’ ಎಂಬ ಮಾತು ಎಲ್ಲರಿಗೂ ಗೊತ್ತು. ಹಬ್ಬಕ್ಕೆ ಒಂದು ದಿನ ಜಾಸ್ತಿ ರಜೆ ಕೊಟ್ಟೆವು, ಭಾನುವಾರ ಬಂದು ತುಂಬಿಸಿ. ಹತ್ತು ರಜೆಯ ಹೊರಗೆ ಕೊಟ್ಟ ರಜೆಗೆ ಹೀಗೆ ಕೇಳಿದರೆ ಮಾತುಕತೆಗೆ ಜಾಗವಿದೆ. ಆದರೆ ಹತ್ತರ ಒಳಗಿನದಕ್ಕೂ ಭಾನುವಾರ ದುಡಿಸಿಕೊಂಡದ್ದನ್ನು ಹೇಳುವವರಿದ್ದಾರೆ, ಯಾವ ರಜೆ ಯಾವ ಪಟ್ಟಿಯದ್ದೆಂದು ಮಷೀನ್ ಮುಂದೆ ಕೂತವಳಿಗೆ ತಿಳಿಸುವವರಿಲ್ಲ. ವರ್ಷದ ಹತ್ತು ರಜೆಗಳ ಪಟ್ಟಿಯನ್ನು ಕನ್ನಡದಲ್ಲಿ, ಗೇಟಿನ ಬಳಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹಾಕಿಸಿದರೂ ಅರ್ಧ ಗೊಂದಲ ಕಳೆಯುತ್ತದೆ. ಎಷ್ಟೋ ಕಡೆ ಅದು ಆಡಳಿತ ಕಚೇರಿಯ ಬೋರ್ಡಿನಲ್ಲಿ, ಇಂಗ್ಲಿಷಿನಲ್ಲಿ, ಕ್ಯಾಂಟೀನ್ ಮೆನುವಿನ ಹಿಂದೆ ಇರುತ್ತದೆ.

ಇನ್ನು ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್‌ನವರು. ಅವರಲ್ಲಿ ಹೆಚ್ಚಿನವರಿಗೆ ಸಂಬಳದ ಲೆಕ್ಕವೇ ‘ಡ್ಯೂಟಿ’ಯಲ್ಲಿ. ಇಷ್ಟು ಡ್ಯೂಟಿ, ಇಷ್ಟು ರೂಪಾಯಿ. ಬಂದರೆ ಉಂಟು, ಬರದಿದ್ದರೆ ಇಲ್ಲ. ಜನವರಿ 26ರಂದು ಅಪಾರ್ಟ್‌ಮೆಂಟಿನಲ್ಲಿ ಬಾವುಟ ಏರಿಸುವಾಗ ಸೆಲ್ಯೂಟ್ ಹೊಡೆಯುವ ಗಾರ್ಡ್‌ಗೆ ಆ ದಿನ ಎರಡು ಪಟ್ಟು ಬರಬೇಕೆಂಬುದು ಆ ಅಪಾರ್ಟ್‌ಮೆಂಟಿನ ಸಂಘದವರಿಗೂ ಗೊತ್ತಿರುವುದಿಲ್ಲ. ಗುತ್ತಿಗೆದಾರ ಸಲ್ಲಿಸುವ ಬಿಲ್ಲಿನಲ್ಲಿ ಹಬ್ಬದ ರಜೆಗೆ ಪ್ರತ್ಯೇಕ ಸಾಲು ಇರಲೇಬೇಕೆಂದು ಕಡ್ಡಾಯ ಮಾಡಿದರೆ, ಕನಿಷ್ಠ ಹಣ ಕೊಡುವವರಿಗೆ ತಾವು ಏನಕ್ಕೆ ಕೊಡುತ್ತಿದ್ದೇವೆ, ಅದು ತಲುಪಿತೇ ಎಂದು ಕೇಳಲು ಬರುತ್ತದೆ.

ಗಂಟೆಯೇ ಇಲ್ಲದ ಕೆಲಸಗಳೂ ಇವೆ. ದಕ್ಷಿಣ ಕನ್ನಡದಲ್ಲಿ ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ದಿನಗೂಲಿ ಹಿಂದೆ ಸರಿದು ಕಿಲೋ ಲೆಕ್ಕ ಮುಂದೆ ಬರುತ್ತದೆ. ಗಣರಾಜ್ಯೋತ್ಸವ ಬರುವುದು ಸರಿಯಾಗಿ ರೋಬಸ್ಟಾ ಕೊಯ್ಲಿನ ನಡುವೆ. ಆ ವಾರ ದಿನಗೂಲಿಯ ಎರಡರಷ್ಟು ದುಡಿಯುವ ಕೈಗಳಿಗೆ 26ರ ರಜೆಗೆ ಬರೀ ದಿನಗೂಲಿ. ರಜೆಯ ಸಂಬಳ ಹಿಂದಿನ ವಾರಗಳ ನಿಜ ದುಡಿಮೆಯ ಸರಾಸರಿ ಆಗಿರಬೇಕು. ಇದರಲ್ಲಿ ಹೊಸದೇನೂ ಇಲ್ಲ. ಗಳಿಕೆ ರಜೆಗೆ ಕಾರ್ಖಾನೆ ಕಾಯ್ದೆಯ 80ನೇ ಕಲಮು ಹಿಂದಿನ ತಿಂಗಳು ದುಡಿದ ದಿನಗಳ ಸರಾಸರಿಯನ್ನೇ ಹಿಡಿಯುತ್ತಿತ್ತು.

ಒಂದು ದಿನದ ಸಂಬಳಕ್ಕೆ ಇಷ್ಟು ದೊಡ್ಡ ಪತ್ರವೇ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಅಂದುಕೊಳ್ಳಬಹುದು. ಹಬ್ಬದ ದಿನವನ್ನು ಹಾಜರಿಯಲ್ಲಿ ಹೇಗೆ ಬರೆಯುತ್ತಾರೆ ಎಂಬುದು ಆ ದಿನದ ಸಂಬಳಕ್ಕೆ ನಿಲ್ಲುವುದಿಲ್ಲ. ವರ್ಷಕ್ಕೆ 240 ದಿನ ತುಂಬಿತೇ ಇಲ್ಲವೇ ಎಂಬುದರ ಮೇಲೆ ಒಬ್ಬನನ್ನು ಕೆಲಸದಿಂದ ತೆಗೆಯುವಾಗಿನ ಹಕ್ಕು ನಿಂತಿದೆ. 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಸುತ್ತಿಗೆ, ಕುಡುಗೋಲು, ಪೆನ್ನು ಹಿಡಿದು ದುಡಿದ ದಿನ ಮಾತ್ರ ‘ದುಡಿದ ದಿನ’ ಅಲ್ಲ, ಸಂಬಳ ಸಿಕ್ಕ ಭಾನುವಾರಗಳೂ ರಜೆಗಳೂ ಅದರಲ್ಲಿ ಸೇರುತ್ತವೆ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಬರೆದರು. ಆ ತೀರ್ಪು ಬಂದು ನಲವತ್ತು ವರ್ಷವಾಯಿತು. ಗುತ್ತಿಗೆ ನೌಕರರ ಮಸ್ಟರಿನಲ್ಲಿ ಹಬ್ಬದ ದಿನದ ಚೌಕ ಈಗಲೂ ಖಾಲಿ ಇರುವುದನ್ನು ನೋಡಿದ್ದೇನೆ. ಹತ್ತು ಖಾಲಿ ಚೌಕಗಳಿಂದ 236ಕ್ಕೆ ನಿಂತವನು ಕೋರ್ಟಿಗೆ ಹೋದರೆ ಸಾಬೀತು ಮಾಡುವ ಹೊರೆ ಅವನ ತಲೆಯ ಮೇಲೆ. ಹಬ್ಬವನ್ನು ಎಲ್‌ಒಪಿ ಎಂದು ತೋರಿಸಿದರೆ ಪಿಎಫ್‌ನ ಮಾಸಿಕ ಚಲನ್‌ನಲ್ಲಿ ಎನ್‌ಸಿಪಿ ದಿನ, ಅಂದರೆ ವಂತಿಗೆ ಕಟ್ಟದ ದಿನ ಎಂದು ದಾಖಲಾಗುತ್ತದೆ, ನಾಳೆ ಪಿಂಚಣಿಯ ಸೇವಾವಧಿ ಲೆಕ್ಕ ಹಾಕುವಾಗ ಅದು ಎದ್ದು ಬರುತ್ತದೆ. ಇಎಸ್‌ಐನಲ್ಲಿ ಕಾಯಿಲೆಯ ಭತ್ಯೆಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಬೇಕು. ಅಂಚಿನಲ್ಲಿರುವವರಿಗೆ ಎರಡು ಮೂರು ಹಬ್ಬಗಳೂ ಭಾರಿಯೇ.

ಇದರ ಜೊತೆಗೆ ‘ಸ್ಯಾಂಡ್‌ವಿಚ್’ ಎಂಬ ಒಂದು ಪದ್ಧತಿಯನ್ನು ಯಾರು ಕಂಡುಹಿಡಿದರೋ. ಹಬ್ಬದ ಹಿಂದಿನ ದಿನ, ಮುಂದಿನ ದಿನ ರಜೆ ಹಾಕಿದರೆ ನಡುವಿನ ಹಬ್ಬವೂ ನಿಮ್ಮ ರಜೆಯ ಖಾತೆಯಿಂದಲೇ ಕಡಿತ. ಯುಗಾದಿಗೆ ಹಾವೇರಿಗೋ ಕಲಬುರಗಿಗೋ ಹೋಗಿ ಬರುವವನಿಗೆ ಹಿಂದೊಂದು ಮುಂದೊಂದು ದಿನ ಬೇಡವೇ? ಗಳಿಕೆ ರಜೆಯ ಲೆಕ್ಕದಲ್ಲಿ ನಡುವೆ ಬಂದ, ಅಂಚಿನಲ್ಲಿ ಬಂದ ರಜಾ ದಿನಗಳನ್ನು ಸೇರಿಸಬಾರದು ಎಂದು ಕಾರ್ಖಾನೆ ಕಾಯ್ದೆಯ 79ನೇ ಕಲಮು ನೇರವಾಗಿಯೇ ಹೇಳಿತ್ತು. ಕಂಪನಿಯ ಕೈಪಿಡಿ ಅದಕ್ಕಿಂತ ದೊಡ್ಡದೆಂದು ಭಾವಿಸಿದವರಿಗೆ ನೋಟಿಸ್ ಕೊಡುವ ಅಧಿಕಾರ ತಮ್ಮ ಇನ್ಸ್‌ಪೆಕ್ಟರ್‌ಗಳಿಗಿದೆ.

ಭಾನುವಾರ ಬಿದ್ದ ಹಬ್ಬದ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟೆ, ಏಕೆಂದರೆ ಅದರಲ್ಲಿ ನನಗೆ ಪೂರ್ತಿ ಖಚಿತ ಅಭಿಪ್ರಾಯವಿಲ್ಲ. 2026ರಲ್ಲಿ ಆಗಸ್ಟ್ 15 ಶನಿವಾರ, ನವೆಂಬರ್ 1 ಭಾನುವಾರ. ಶನಿವಾರ ಭಾನುವಾರ ರಜೆ ಇರುವ ಸಾಫ್ಟ್‌ವೇರ್ ಕಂಪನಿಯವರಿಗೆ ಐದು ಕಡ್ಡಾಯ ರಜೆಗಳಲ್ಲಿ ಎರಡು ಕಾಣುವುದೇ ಇಲ್ಲ. ಹಿಂದಿನ ವರ್ಷ ವಿಜಯದಶಮಿಯೂ ಗಾಂಧಿ ಜಯಂತಿಯೂ ಅಕ್ಟೋಬರ್ 2ರಂದೇ ಬಂದು, ಎರಡನ್ನೂ ಪಟ್ಟಿಯಲ್ಲಿ ಎಣಿಸಿದ್ದ ಕಡೆ ಹತ್ತು ರಜೆ ಒಂಬತ್ತಾಯಿತು. ಸರ್ಕಾರಿ ರಜಾ ಪಟ್ಟಿಯಲ್ಲೇ ಭಾನುವಾರಗಳಂದು, ಎರಡನೇ ಮತ್ತು ನಾಲ್ಕನೇ ಶನಿವಾರಗಳಂದು ಬರುವ ಹಬ್ಬಗಳನ್ನು ಸೇರಿಸಿಲ್ಲ ಎಂಬ ಷರಾ ಇರುವಾಗ ಖಾಸಗಿಯವರನ್ನು ಮಾತ್ರ ದೂರುವುದು ಹೇಗೆ? ಬದಲಿ ದಿನ ಕೊಡುವುದು ಒಳ್ಳೆಯದು, ಕೊಡುವ ಸಂಸ್ಥೆಗಳೂ ಇವೆ. ಅಷ್ಟನ್ನು ತಾವು ಕಡ್ಡಾಯ ಮಾಡಲಾರಿರಿ ಎಂದಾದರೆ ಹಬ್ಬದ ಐದು ರಜೆಗಳನ್ನು ಆರಿಸುವಾಗಲಾದರೂ ವಾರದ ರಜೆಯ ಮೇಲೆ, ರಾಷ್ಟ್ರೀಯ ರಜೆಯ ಮೇಲೆ ಬೀಳುವ ಹಬ್ಬವನ್ನು ಪಟ್ಟಿಗೆ ಸೇರಿಸಿದರೆ ಇನ್ಸ್‌ಪೆಕ್ಟರ್ ಒಪ್ಪಬಾರದು. ಪಟ್ಟಿ ನಿಗದಿಯಾಗುವುದು ನೌಕರರ ಜೊತೆಯೂ ಸಮಾಲೋಚಿಸಿಯೇ ಎಂದು ಕಾಯ್ದೆಯಲ್ಲಿದೆ. ಆ ಸಮಾಲೋಚನೆಯ ಸಹಿಗಳನ್ನು ಒಮ್ಮೆ ತರಿಸಿ ನೋಡಿ. ಬಹುಪಾಲು ಕಡೆ ಎಚ್‌ಆರ್‌ನವರ ಪಕ್ಕದ ಮೇಜಿನವರದ್ದೇ ಇರುತ್ತದೆ.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಹನ್ನೆರಡು ಜನರನ್ನಿಟ್ಟುಕೊಂಡು ಆರ್ಡರ್ ಮುಗಿಸಲು ಒದ್ದಾಡುವವನಿಗೆ ಕಾನೂನು ಸಲಹೆಗಾರ ಇರುವುದಿಲ್ಲ. ಅಕೌಂಟ್ಸ್ ಹುಡುಗ ಎಲ್ಲಿಂದಲೋ ಇಳಿಸಿಕೊಂಡ ಎಕ್ಸೆಲ್ ಹಾಳೆಯೇ ಅವನ ಕಾನೂನು. ಹಾಳೆಯಲ್ಲಿ 26 ಇದ್ದರೆ 26, 30 ಇದ್ದರೆ 30. ಸೇರು ಅಂಗಡಿಗೊಂದು ಇದ್ದರೆ ಅಳೆಯುವವನನ್ನು ಬೈದು ಪ್ರಯೋಜನವಿಲ್ಲ. ಇಲಾಖೆಯೇ ಒಂದು ಲೆಕ್ಕದ ಹಾಳೆ ಮಾಡಿ ಜಾಲತಾಣದಲ್ಲಿ ಹಾಕಲಿ. ಪಾಳಿಯ ಗಂಟೆ, ವಾರದ ದಿನ, ತಿಂಗಳ ವೇತನ ತುಂಬಿದರೆ ಹಬ್ಬದ ದಿನದ ಗಂಟೆ, ಸಂಬಳ, ದುಡಿದಿದ್ದರೆ ಎಷ್ಟು ಎಂದು ತೋರಿಸುವಂಥದ್ದು. ಸಾಫ್ಟ್‌ವೇರ್ ಮಾರುವವರೂ ಅದನ್ನೇ ನಕಲು ಮಾಡಿಕೊಳ್ಳುತ್ತಾರೆ. ಹೊಸ ಸಂಹಿತೆಗಳಿಗಾಗಿ ಅವರು ಹೇಗೂ ಎಲ್ಲವನ್ನೂ ತಿದ್ದಬೇಕಾಗಿದೆ. ಈ ಖಾನೆಯಲ್ಲಿ ಕೂತಿರುವ 8ನ್ನು ಎಬ್ಬಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು.

ಇನ್ನೊಂದು ಸಣ್ಣ ವಿಷಯ. ಸಂಬಳದ ಚೀಟಿಯಲ್ಲಿ ಹಬ್ಬದ ರಜೆಯ ಗಂಟೆಗಳಿಗೆ ಬೇರೆ ಸಾಲು ಇರಲಿ. ಈಗ ಅದು ‘ಪೇಡ್ ಡೇಸ್’ ಎಂಬ ಒಂದೇ ಸಂಖ್ಯೆಯೊಳಗೆ ಕರಗಿರುತ್ತದೆ. ದುಡಿದದ್ದೆಷ್ಟು, ವಾರದ ರಜೆ ಎಷ್ಟು, ಹಬ್ಬ ಎಷ್ಟು ಎಂದು ಬಿಡಿಸಿಕೊಳ್ಳಲು ನನ್ನಂಥ ಟೈಮ್ ಆಫೀಸಿನವನಿಗೇ ಕನ್ನಡಕ ಬೇಕು. ಸಾಲು ಬೇರೆ ಇದ್ದರೆ ದೂರು ಕೊಡುವ ಮುಂಚೆಯೇ ಅರ್ಧದಷ್ಟು ತಪ್ಪುಗಳು ಗೇಟಿನೊಳಗೇ ಸರಿಹೋಗುತ್ತವೆ, ತಮ್ಮ ಇನ್ಸ್‌ಪೆಕ್ಟರ್‌ಗಳ ಕೆಲಸವೂ ಹಗುರವಾಗುತ್ತದೆ.

ಮುಂದಿನ ವರ್ಷದ ರಜಾ ಪಟ್ಟಿಗಳು ಡಿಸೆಂಬರ್ ಹೊತ್ತಿಗೆ ತಮ್ಮ ಇನ್ಸ್‌ಪೆಕ್ಟರ್‌ಗಳ ಮೇಜಿಗೆ ಬರಲು ಶುರುವಾಗುತ್ತವೆ. ಸುತ್ತೋಲೆ ಅದಕ್ಕೆ ಮುಂಚೆ ಹೊರಟರೆ ಪಟ್ಟಿಯ ಜೊತೆಗೇ ಪ್ರತಿ ಪಾಳಿಗೆ ಎಷ್ಟು ಗಂಟೆ ಹಾಕುತ್ತೀರಿ ಎಂದು ಬರೆಸಿಕೊಳ್ಳಬಹುದು. ಪಟ್ಟಿಯ ನಮೂನೆಯಲ್ಲಿ ಒಂದು ಕಾಲಂ ಹೆಚ್ಚು ಮಾಡಿದರಾಯಿತು.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಟೈಮ್ ಆಫೀಸ್ ನೌಕರ
ಬೆಂಗಳೂರು